ಸೀಟ್ ಹಿಡಿದ ಲ್ಯಾಪ್‌ಟಾಪ್

ನಮ್ಮ ಪಡಸಾಲಿ ಗ್ವಾಡಿಗೆ ಒಂದು ಕರೇ ಬ್ಯಾಗ್ ಜೋತುಬಿದ್ದೈತಿ. ಲ್ಯಾಪ್‌ಟಾಪಿನ ಬ್ಯಾಗು, ಆದರ ಒಳಗ ಲ್ಯಾಪ್‌ಟಾಪ್ ಇಲ್ಲ. ಮೊನ್ನೆ ಸಂತಿಗೆ ಹೊಂಟಾಗ ಕಾಯಿಪಲ್ಯೆದ ಚೀಲ ಸಿಗಲಿಲ್ಲ, ಇದನ್ನ ಹೆಗಲಿಗೆ ಹಾಕ್ಕೊಂಡು ಹೋದೆ. ಬದನಿಕಾಯಿ ಮಾರಾಕಿ ನನ್ನ ಒಮ್ಮೆ, ಬ್ಯಾಗ್ ಒಮ್ಮೆ ನೋಡಿ, “ಆಫೀಸಿನ ಚೀಲದಾಗ ಬದನಿಕಾಯಿ ಹಾಕಿಸ್ಕೋತೀರೇನ್ರಿ ಕಾಕಾ?” ಅಂದ್ಲು. ಹಾಕವಾ ಅಂದೆ. ಬದನಿಕಾಯಿ ಒಳಗ ಹೋಗೂ ಮುಂದ ಯಾವುದೋ ಜೇಬಿನ್ಯಾಗ ನನ್ನ ಕೈ ಹೋತು, ಮಡಚಿದ ಒಂದು ಕಾಗದ ಬಂತು.

ಬ್ಯಾಗ್ ಮಾಡಿದ ಕಂಪನಿಯವರು ಇಟ್ಟ ಕಾಗದ. ಲ್ಯಾಪ್‌ಟಾಪ್ ತಗೊಂಡು ಪ್ರವಾಸ ಮಾಡೂರು ಏನೇನು ಜ್ವಾಕಿ ಮಾಡಬೇಕು ಅಂತ ಇಂಗ್ಲಿಷಿನ್ಯಾಗ ಬರದಿದ್ರು. ನಾ ದನದ ದವಾಖಾನ್ಯಾಗ ಕಂಪೌಂಡರ್ ಆಗಿ ರಿಟೈರ್ ಆದಾವ. ನನ್ನ ಇಂಗ್ಲಿಷು ಔಷಧದ ಬಾಟ್ಲಿ ಮ್ಯಾಲಿಂದು ಓದೂವಷ್ಟು. ಆದರೂ ಕಟ್ಟಿ ಮ್ಯಾಲ ಕುಂತು, ಕನ್ನಡಕ ಹಾಕ್ಕೊಂಡು, ಕೂಡಿಸಿ ಕೂಡಿಸಿ ಓದಿದೆ. ಬ್ಯಾಗ್ ಕೈಯಿಂದ ಬಿಡಬ್ಯಾಡ್ರಿ. ಗುರ್ತಿಲ್ಲದವರ ಕೈಯಾಗ ಕೊಡಬ್ಯಾಡ್ರಿ. ಮ್ಯಾಲ ಭಾರದ ಸಾಮಾನು ಇಡಬ್ಯಾಡ್ರಿ. ಮಂದ್ಯಾಗ ತಗದು ತೋರಸಬ್ಯಾಡ್ರಿ. ಹೊಂಡೂಕಿಂತ ಮೊದಲ ಒಳಗಿದ್ದದ್ದರ ಇನ್ನೊಂದು ಪ್ರತಿ ಮನ್ಯಾಗ ಇಡ್ರಿ.

ಬರದಾವ ಶ್ಯಾಣ್ಯಾ, ಇಲ್ಲ ಅನ್ನೂದಿಲ್ಲ. ಆದರ ಆ ಮನಷ್ಯಾ ಅಮಾಸಿ ದಿನ ಸಿಂದಗಿ ಬಸ್‌ಸ್ಟ್ಯಾಂಡಿನ್ಯಾಗ ಒಮ್ಮೆನೂ ನಿಂತಾವಲ್ಲ. ನಿಂತಿದ್ರ ಇನ್ನೊಂದು ಸಾಲು ಕೂಡಿಸಿ ಬರೀತಿದ್ದ. ಲ್ಯಾಪ್‌ಟಾಪ್ ಒಗದು ಸೀಟ್ ಹಿಡೀಬ್ಯಾಡ್ರಿ, ಅಂತ.

ಸೀಟ್ ಹಿಡಿಯೂದು ಅಂದ್ರ ಏನಂತ ಹೊರಗಿನವರಿಗೆ ಬಿಡಿಸಿ ಹೇಳಬೇಕಾಗ್ತೈತಿ. ಬಸ್ ಇನ್ನೂ ನಿಂತಿರೂದಿಲ್ಲ, ಮಂದಿ ಅದರ ಮಗ್ಗಲಕ್ಕ ಓಡಾಕತ್ತಿರ್ತಾರ. ಇಳಿಯೂರು, ಹತ್ತೂರು ಬಾಗಲದಾಗ ಗುದ್ದಾಡೂ ಹೊತ್ತಿನ್ಯಾಗ ರೂಢಿ ಇದ್ದವರು ಕಿಡಕ್ಯಾಗಿಂದ ಟಾವೆಲ್ ಒಗೀತಾರ. ಟಾವೆಲ್ ಯಾವ ಸೀಟಿನ ಮ್ಯಾಲ ಬಿತ್ತೋ ಆ ಸೀಟು ಟಾವೆಲ್ಲಿನವಂದು. ಮೊದಲ ಹತ್ತಿದಾವ ಪೈಲ್ವಾನ ಇದ್ರೂ, “ಇಲ್ಲೆ ಟಾವೆಲ್ ಐತ್ರಿ” ಅಂದ್ರ ಮಾತಾಡದ ಮುಂದ ಹೋಗ್ತಾನ. ಹೊಲದ ಬದುವಿನ ಸಲವಾಗಿ ಅಣ್ಣ ತಮ್ಮ ಕೋರ್ಟಿಗೆ ಹೋಗೂ ಸೀಮಿ ನಮ್ಮದು. ಖರೆ, ಟಾವೆಲ್ ಸರಿಸಿ ಕುಂತಾವನ್ನ ನನ್ನ ಜಲ್ಮದಾಗ ನೋಡಿಲ್ಲ.

ಈ ವಿದ್ಯಾದಾಗ ನಮ್ಮಾಕಿನ್ನ ಮೀರಿಸಿದವರಿಲ್ಲ. ನಮ್ಮಾಕಿ ಅಂದ್ರ ನನ್ನ ಹೆಂಡ್ತಿ ಮಹಾದೇವಿ, ಊರಿಗೆಲ್ಲಾ ಮಹಾದೇವಿ ಅಕ್ಕೋರು. ಸಾಲಿ ಮಾಸ್ತರಿಕಿ ಮಾಡಿದಾಕಿ. ಇಂಡಿಯಿಂದ ಶುರುವಾತು, ಆಮ್ಯಾಲ ಯಂಕಂಚಿ, ಆಮ್ಯಾಲ ಮುದ್ದೇಬಿಹಾಳ, ತಂಗಡಗಿ, ಕಡೀಕ ಸಿಂದಗಿ. ಆಕಿಗೆ ಒಂದು ಕಡೆ ಬದಲಿ, ನನಗ ಇನ್ನೊಂದು ಕಡೆ. ಸಂಸಾರ ಮಾಡಿದ್ದು ಮನ್ಯಾಗೋ ಬಸ್ಸಿನ್ಯಾಗೋ ಅಂತ ಕೇಳಿದ್ರ ಹೇಳಾಕ ಸ್ವಲ್ಪ ಯೋಚನಿ ಮಾಡಬೇಕಾಗ್ತೈತಿ. ಆಕಿ ಟಾವೆಲ್ ಒಗದಾಕಿ ಅಲ್ಲ. ರೊಟ್ಟಿ ಬುತ್ತಿ ಇದ್ದ ಚೀಲಾನ ಒಗೀತಿದ್ಲು. ಟಾವೆಲ್ ಗಾಳಿಗೆ ಹಾರತೈತಿ, ಬುತ್ತಿ ಕುಂತಲ್ಲೆ ಕುಂದರತೈತಿ ಅನ್ನೂದು ಆಕಿ ತರ್ಕ. ಕೈ ಹಿಂದಕ್ಕ ಒಯ್ದು, ಸಾಲ್ಯಾಗ ಹುಡುಗೂರ ಕಡೆ ಬಳಪದ ತುಂಡು ಬೀರಿದಂಗ ಬೀರೂದು. ಗುರಿ ತಪ್ಪಿದ್ದಿಲ್ಲ.

ಒಮ್ಮೆ ಮುದ್ದೇಬಿಹಾಳದಾಗ ಮಗಳನ್ನ ಕಿಡಕ್ಯಾಗ ಹಾಕಿದ್ಲು. ಸುಜಾತಾಗ ಆಗ ವರ್ಷ ತುಂಬಿತ್ತೋ ಇಲ್ಲೋ. ಬುತ್ತಿ ಚೀಲ ನನ್ನ ಕೈಯಾಗಿತ್ತು, ನಾ ಹಿಂದ ಉಳದಿದ್ದೆ. ನಮ್ಮಾಕಿ ಆಚೀಚೆ ನೋಡಿದ್ಲು, ಬಗಲಾಗಿನ ಕೂಸನ್ನ ಎತ್ತಿ ಕಿಡಕ್ಯಾಗಿಂದ ಒಳಗ ಕುಂತಿದ್ದ ಯಾರೋ ಮುದುಕಿ ಕೈಗೆ ಕೊಟ್ಲು. “ಹಿಡಿಯಮ್ಮಾ, ಮಗ್ಗಲ ಸೀಟಿನ ಮ್ಯಾಲ ಕುಂದರಸು.” ಅಷ್ಟರಾಗ ಡ್ರೈವರ್ ಬಸ್ ಹಿಂದಕ್ಕ ತಗದ. ನಾ ಬೊಬ್ಬಿ ಹೊಡಕೋಂತ ಓಡಿದೆ, ಚಪ್ಪಲಿ ಒಂದು ಎಲ್ಲೋ ಹೋತು. ಬಸ್ ಪೂರಾ ಒಂದು ಸುತ್ತು ತಿರುಗಿ ಇನ್ನೊಂದು ಕಡೆ ನಿಂತಾಗ ಹತ್ತಿ ನೋಡಿದ್ರ, ಸುಜಾತಾ ಮುದುಕಿ ತೊಡಿ ಮ್ಯಾಲ ಕುಂತು ಶೇಂಗಾ ಉಂಡಿ ಚೀಪಾಕತ್ತಿತ್ತು. ಮಗ್ಗಲದಾಗ ನಮ್ಮ ಸೀಟು ಖಾಲಿ ಇತ್ತು. “ಅಂಜೂದೇನೈತಿ? ಕೂಸು ಇಟ್ಟ ಸೀಟು ಯಾರು ಕಸಗೋತಾರ?” ಅಂದ್ಲು ನಮ್ಮಾಕಿ.

ಆ ದನಿ ಕೇಳಬೇಕಿತ್ತು ನೀವು. ಗಂಟಿ ಹೊಡದಂಗ ಇರತಿತ್ತಂತ ನಾ ಹೇಳೂದಿಲ್ಲ, ಸ್ವಲ್ಪ ಒಡದ ದನಿನ. ಆದರ ಅದು ಎರಡು ಓಣಿ ದಾಟಿ ಹೋಗತಿತ್ತು. ಕಡೀಕ ಇಬ್ಬರಿಗೂ ಸಿಂದಗಿ ಆದ ಮ್ಯಾಲ, ನಾನು ದನದ ದವಾಖಾನ್ಯಾಗ ಕುಂತಾಗ ಆಕಿ ಅಲ್ಲೆ ಸಾಲ್ಯಾಗ ಮಗ್ಗಿ ಹೇಳಿಸೂದು ಕೇಳಿಸ್ತಿತ್ತು. ನನಗ ಮೊಣಕಾಲಿಗೆ ಎಮ್ಮಿ ಒದ್ದ ದಿನ, ಸುದ್ದಿ ಕೇಳಿ ಆಕಿ ಓಣಿ ತುದಿಯಿಂದ ನನ್ನ ಬೈಕೋಂತ ಬಂದದ್ದು ಎಮ್ಮಿಗೂ ಕೇಳಿಸಿರಬೇಕು, ಮತ್ತೊಮ್ಮೆ ಒದೀಲಿಲ್ಲ. ಆ ಮೊಣಕಾಲು ಅವತ್ತಿಂದ ಸುಮಾರ. ನಿಂತು ಪ್ರಯಾಣ ಮಾಡಿದ್ರ ಬಾತು ಕುಂಬಳಕಾಯಿ ಆಗ್ತೈತಿ.

ಆ ದನಿ ಹೋದ ವರ್ಷ ಗೊಗ್ಗರಾತು. ಥಂಡಿ ಆಗೇತಿ ಅಂದ್ವಿ. ಬಿಸಿನೀರು, ಅರಿಷಿಣ ಹಾಲು, ಜೇಷ್ಠಮಧು ಎಲ್ಲಾ ಆತು. ಕಡೀಕ ವಿಜಯಪುರದ ಒಂದು ದವಾಖಾನಿಗೆ ಹೋದ್ವಿ. ಗಂಟಲದಾಗ ಗಡ್ಡಿ ಆಗೇತಿ, ಕ್ಯಾನ್ಸರ್ ಅಂದ್ರು. ಡಾಕ್ಟರು ಚಿತ್ರ ತಗದು ತೋರಿಸಿ, ಧ್ವನಿಪೆಟ್ಟಿಗೆ ಪೂರಾ ತಗೀಬೇಕಾಗ್ತೈತಿ ಅಂತ ಹೇಳಿದ್ರು. ನನಗ ದನದ ಗಂಟಲ ಗೊತ್ತು, ಆ ಚಿತ್ರ ನೋಡಿ ನನಗೇನೂ ತಿಳೀಲಿಲ್ಲ. ನಮ್ಮಾಕಿ ಮಾತ್ರ ನೆಟ್ಟಗ ಕೇಳಿದ್ಲು. “ತಗದ ಮ್ಯಾಲ ಮಾತು?”

“ಈಗಿನಂಗ ಬರೂದಿಲ್ರಿ ಅಕ್ಕೋರ. ಗಂಟಲಕ್ಕ ಹಿಡಿಯೂ ಮಿಷನ್ ಐತಿ, ಅದು ಬ್ಯಾರೇನ ದನಿ. ಆದರ ಜೀವಾ ಉಳೀತೈತಿ.”

“ಇಷ್ಟು ವರ್ಷ ಇವರು ಬಾಯಿ ಮುಚ್ಚು ಅಂದ್ರ ಮುಚ್ಚಲಿಲ್ಲ ನಾನು. ಅದಕ್ಕೊಬ್ಬ ಡಾಕ್ಟರ್ ಬೇಕಾತು ನೋಡ್ರಿ” ಅಂದ್ಲು. ಡಾಕ್ಟರು ನಗಲಿಲ್ಲ. ನನಗೂ ನಗಿ ಬರಲಿಲ್ಲ. ಹೊರಗ ಬಂದು ಬಾಕಿನ ಮ್ಯಾಲ ಕುಂತು ಇಬ್ರೂ ಅತ್ವಿ.

ಲ್ಯಾಪ್‌ಟಾಪಿನ ಉಪಾಯ ಸುಜಾತಾಂದು. ಆಕಿ ಈಗ ಬಸವನ ಬಾಗೇವಾಡ್ಯಾಗ ಕಾಲೇಜಿನ್ಯಾಗ ಕಲಸ್ತಾಳ. ತಾನು ಓದೂ ಮುಂದ ಬಳಸಿದ ಹಳೇ ಲ್ಯಾಪ್‌ಟಾಪ್ ತಂದ್ಲು, ಅದಕ್ಕೊಂದು ಹೊಸ ಬ್ಯಾಗೂ ತಂದ್ಲು. “ಯವ್ವಾ, ದಿನಾ ಆಡೂ ಮಾತೆಲ್ಲಾ ಇದರಾಗ ಆಡಿ ಇಡು. ಆಮ್ಯಾಲ ಯಾವ ಮಾತು ಬೇಕೋ ಅದನ್ನ ಒತ್ತಿದ್ರ ನಿನ್ನ ದನೀಲೇ ಬರತೈತಿ. ಧಾರವಾಡದಾಗ ನನ್ನ ಗೆಳತಿ ಅದಾಳ, ಎಲ್ಲಾ ಹೊಂದಿಸಿ ಕೊಡ್ತಾಳ” ಅಂದ್ಲು. ಎಲ್ಲಿ ಒತ್ತಬೇಕು ಅಂತ ತೋರಿಸಿದ್ಲು. ಇನ್ನೊಂದು ಪ್ರತಿ ತಗೀಬೇಕು, ಅದನ್ನ ದವಾಖಾನಿಗೆ ಬಂದಾಗ ನಾನ ತಕ್ಕೋತೇನಿ ಅಂತ ಹೇಳಿ ಬಾಗೇವಾಡಿಗೆ ಹೋದ್ಲು. ಪರೀಕ್ಷಾ ಡ್ಯೂಟಿ ಇತ್ತು.

ನಮ್ಮ ಮಗ್ಗಲದಾಗ ಹಿಟ್ಟಿನ ಗಿರಣಿ ಐತಿ. ಅದು ಮಧ್ಯಾಹ್ನ ಊಟಕ್ಕ ಬಂದ್ ಆದಾಗ ನಮ್ಮ ಕೆಲಸ ಶುರು. ಬಾಗಲಾ ಹಾಕಿ, ಫ್ಯಾನ್ ಬಂದ್ ಮಾಡಿ, ಬೆವರು ಒರಸಕೋಂತ ನಮ್ಮಾಕಿ ಮಾತಾಡೂದು, ನಾನು ಒತ್ತೂದು. “ಚಾ ಆಗೇತಿ ಬರ್ರಿ.” “ಹಾಲು ಉಕ್ಕಾಕತ್ತೈತಿ, ಅಲ್ಲೇನು ಮಾಡಾಕತ್ತೀರಿ?” “ಮೊಣಕಾಲಿಗೆ ಎಣ್ಣಿ ಹಚ್ಚಿಕೊಂಡ್ರೇನು?” ಸುಜಾತಾಗ “ಉಂಡೇನವಾ?” ಅನ್ನೂದನ್ನ ಬ್ಯಾರೆ ಬ್ಯಾರೆ ತರಾ ಹೇಳಿದ್ಲು. ಇದು ಆಕಿ ಖುಷಿಲಿದ್ದಾಗಿಂದು, ಇದು ಆಕಿ ಸಿಟ್ಟಾದಾಗಿಂದು, ಇದು ಆಕಿ ಅತ್ತಾಗ ಹಚ್ಚೂದು ಅಂತ. ಗಂಟಲ ಉರೀತಿತ್ತು. ಒಂದೊಂದು ಮಾತು ಆಡಿ ಒಂದೊಂದು ಗುಟುಕು ನೀರು ಕುಡೀತಿದ್ಲು. ಸಾಕು ಬಿಡು ಅಂದ್ರ ಕೇಳಲಿಲ್ಲ. “ಪಾಠ ಅರ್ಧಾ ಬಿಡಬಾರದು” ಅಂದ್ಲು.

ಕಡೇ ದಿನ ನನ್ನ ಹೊರಗ ಕಳಿಸಿದ್ಲು. ಬಾಗಲದ ಹಿಂದ ಬಾಳ ಹೊತ್ತು ಮಾತಾಡಿದ್ಲು. ಕಿವಿಗೊಟ್ಟು ನಿಂತೆ, ಏನೂ ತಿಳೀಲಿಲ್ಲ. ಹೊರಗ ಬಂದ ಮ್ಯಾಲ, ಏನಂದಿ ಅಂತ ಕೇಳಿದೆ. “ಅದು ನಿಮಗ. ಬೇಕಾದಾಗ ಒತ್ತತೇನಿ, ಕೇಳೀರಂತ” ಅಂದ್ಲು.

ಹೊಂಡೂ ದಿನ ಕಾರು ಮಾಡೂಣು ಅಂದೆ. ಆಕಿಗೆ ಕಾರಿನ್ಯಾಗ ವಾಕರಿಕಿ ಬರತೈತಿ, ಬಸ್ ಆದ್ರ ಕಿಡಕಿ ಗಾಳಿ ಇರತೈತಿ. ನನ್ನ ಕೈಯಾಗ ಬಟ್ಟಿ ಚೀಲ, ರಿಪೋರ್ಟಿನ ಚೀಲ. ಲ್ಯಾಪ್‌ಟಾಪ್ ಬ್ಯಾಗು ಆಕಿನ ಹಾಕ್ಕೊಂಡ್ಲು, ಎದಿಗೆ ಅವಚಿಕೊಂಡು. “ನನ್ನ ದನಿ ನಾನ ಹೊರತೇನಿ” ಅಂದ್ಲು.

ಅವತ್ತು ಅಮಾಸಿ. ಗುಡಿಗಳಿಗೆ ಹೊಂಟ ಮಂದಿ ಬಸ್‌ಸ್ಟ್ಯಾಂಡಿನ ತುಂಬ. ಒಂದು ಬಸ್ ಹೋತು, ಹತ್ತಾಕ ಆಗಲಿಲ್ಲ. ಎರಡನೇದರಾಗೂ ಕಾಲಿಡಾಕ ಜಾಗಾ ಸಿಗಲಿಲ್ಲ. ನನ್ನ ಮೊಣಕಾಲು ಆಗಲೇ ನೋಯಾಕತ್ತಿತ್ತು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕಿ ನಿಂತಿದ್ದೆ. ಆಕಿ ಅದನ್ನ ನೋಡಾಕತ್ತಿದ್ಲು. ಕಲಬುರಗಿ ಕಡೆಯಿಂದ ವಿಜಯಪುರದ ಬಸ್ ಬಂತು. ಮಂದಿ ಓಡಿದ್ರು. ನಮ್ಮಾಕಿನೂ ಓಡಿದ್ಲು. ನಾಳಿಗೆ ಗಂಟಲ ಕೊಯ್ಸಿಕೊಳ್ಳೂ ಹೆಂಗಸು ಬಸ್ಸಿನ ಮಗ್ಗಲಕ್ಕ ಓಡೂದನ್ನ ನಾ ಹಿಂದಿನಿಂದ ಕುಂಟಕೋಂತ ನೋಡಿದೆ. ಒಂದು ಕಿಡಕ್ಯಾಗ ಜೋಡಿ ಸೀಟು ಖಾಲಿ ಆಗೂದು ಕಾಣಿಸ್ತು. ಆಕಿ ಕೈ ಹಿಂದಕ್ಕ ಹೋತು. ಒದರಬೇಕಂದೆ, ಒದರೂದ್ರೊಳಗ ಬ್ಯಾಗು ಒಳಗಿತ್ತು.

ಒಗದ ಮ್ಯಾಲ ಆಕಿ ಹಂಗ ನಿಂತ್ಲು, ಕೈ ಇನ್ನೂ ಮ್ಯಾಲಿತ್ತು. ಏನು ಒಗದೆ ಅಂತ ಆಗ ತಿಳೀತು ಆಕಿಗೆ. ನಾ ಹತ್ರ ಹೋದಾಗ, “ಬುತ್ತಿ ಅಂದ್ಕೊಂಡ್ನಿ” ಅಂದ್ಲು. ಅಷ್ಟ.

ಗುದ್ದಾಡಿ ಹತ್ತಿದ್ವಿ. ಬ್ಯಾಗು ಸೀಟಿನ ಮ್ಯಾಲ ನೆಟ್ಟಗ ಕುಂತಿತ್ತು. ಹಿಂದಿನ ಸೀಟಿನ ರುಮಾಲದ ಹಿರಿಯಾವ ಹೇಳಿದ. “ನಿಮ್ಮ ಬ್ಯಾಗೇನ್ರಿ ಅಕ್ಕಾರ? ಕೆಳಗ ಜಾರಿ ಬಿದ್ದಿತ್ರಿ. ಯಾರೋ ಉಳ್ಳಾಗಡ್ಡಿ ಚೀಲ ಅದರ ಮ್ಯಾಲ ಕೆಡವಿದ್ರು, ನಾನ ಸರಿಸಿ ಎತ್ತಿ ಇಟ್ಟೇನಿ. ಸೀಟ್ ಮಾತ್ರ ಯಾರಿಗೂ ಬಿಟ್ಟುಕೊಟ್ಟಿಲ್ರಿ.” ಆತ ನಮ್ಮ ಸಲವಾಗಿ ಯಾರ ಜೋಡಿನೋ ಜಗಳಾನೂ ಆಡಿದ್ದ. ಕೈ ಮುಗದ್ವಿ. ನಾ ಕುಂತೆ, ಆಕಿ ಕಿಡಕಿ ಕಡೆ ಕುಂತ್ಲು. ಬಿಚ್ಚಿ ನೋಡೂಣೇನು ಅಂದೆ. “ಮಂದ್ಯಾಗ ಬಿಚ್ಚಬ್ಯಾಡ ಅಂತ ಮಗಳು ಹೇಳ್ಯಾಳ” ಅಂದ್ಲು. ಬ್ಯಾಗು ದಪ್ಪ ಇತ್ತು, ಹೊರಗ ಒಂದು ಗೀರೂ ಇರಲಿಲ್ಲ. ಮುಟ್ಟಿ ನೋಡಿದ್ವಿ, ಏನೂ ಆಗಿಲ್ಲ ಅಂತ ಒಬ್ಬರಿಗೊಬ್ಬರು ಹೇಳಿಕೊಂಡ್ವಿ.

ದವಾಖಾನ್ಯಾಗೂ ಬಿಚ್ಚಲಿಲ್ಲ. ಕಳುವಾಗತೈತಿ ಅಂತ ಆಕಿ ಅದನ್ನ ತಲಿ ಕೆಳಗ ಇಟ್ಟುಕೊಂಡ್ಲು. ಅವತ್ತು ಸಂಜೀಕ ಮಗ್ಗಲ ಕಾಟಿನ ಹೆಣ್ಣುಮಗಳ ಸುತ್ತ ಮನಿ ಮಂದಿಯೆಲ್ಲಾ ಕುಂತಿದ್ರು. ಆಕಿಗೂ ಮರುದಿನ ಅದ ಆಪರೇಶನ್. ಮಾತಾಡು, ಇನ್ನಷ್ಟು ಮಾತಾಡು ಅಂತ ಆಕಿ ಬಾಯಿಂದ ಬಿಡದ ಮಾತಾಡಿಸ್ತಿದ್ರು, ಒಬ್ಬಾಕಿ ಫೋನಿನ್ಯಾಗ ಹಿಡಕೊಂತಿದ್ಲು. ನಾನೂ ಹಂಗ ಕೇಳೂಣು ಅಂತ ಬಾಯಿ ತಗದೆ. ನಮ್ಮಾಕಿ ದಿಂಬಿನ ಕೆಳಗಿನ ಬ್ಯಾಗ್ ತಟ್ಟಿ, “ಆಡೂದೆಲ್ಲಾ ಇದರಾಗ ಆಡಿ ಇಟ್ಟೇನಿ. ಇನ್ನ ಸುಮ್ಮನ ಕುಂದ್ರತೇನಿ, ಬಾಳ ಉರೀತೈತಿ” ಅಂದ್ಲು. ಖರೇನ ಸುಮ್ಮನಾದ್ಲು. ನಾನೂ ಸುಮ್ಮನ ಕುಂತೆ. ಒಂದು ಪೂರಾ ಸಂಜೀನ ನಾವಿಬ್ರೂ ಹಂಗ ಕಳದ್ವಿ, ಆ ದನಿ ಇನ್ನೂ ಆಕಿ ಗಂಟಲದಾಗ ಇದ್ದಾಗ.

ಬೆಳಿಗ್ಗೆ ಸ್ಟ್ರೆಚರ್ ಬಂತು. ಆಕಿ ಮಕ್ಕೊಂಡ್ಲು, ನನ್ನ ಕಡೆ ಹೊಳ್ಳಿ ನೋಡಿದ್ಲು. “ಬ್ಯಾಗ್ ಬಿಟ್ಟು ಎಲ್ಲೂ ಹೋಗಬ್ಯಾಡ್ರಿ” ಅಂದ್ಲು. ಅದ ಕಡೀ ಮಾತು. ನನ್ನ ಹೆಂಡ್ತಿ ಆಕಿ ದನೀಲೆ ಈ ಜಗತ್ತಿನ್ಯಾಗ ಆಡಿದ ಕಡೀ ಮಾತು ಒಂದು ಬ್ಯಾಗಿನ ಬಗ್ಗೆ. ನಾ ಚಾಕ್ಕೂ ಎದ್ದು ಹೋಗದ, ಅದನ್ನ ತೊಡಿ ಮ್ಯಾಲ ಇಟ್ಟುಕೊಂಡು ಆಪರೇಶನ್ ಮುಗಿಯೂತನಕ ಕುಂತೆ. ಅಷ್ಟರಾಗ ಸುಜಾತಾ ಬಂದು ಮಗ್ಗಲಕ್ಕ ಕುಂತ್ಲು, ಆಗೂ ಬಿಚ್ಚೂ ಖಬರು ಯಾರಿಗಿತ್ತು?

ನಮ್ಮಾಕಿ ಕಣ್ಣು ತಗದು, ಕೈ ಮಾಡಿ ಬ್ಯಾಗ್ ತೋರಿಸಿದ ದಿನ ಸುಜಾತಾ ಬಿಚ್ಚಿದ್ಲು. ಪರದೆ ಒಡದು ಜೇಡರ ಬಲಿ ಆಗಿತ್ತು. ಒತ್ತಿದ್ರ ಉಸುರಿಲ್ಲ. ಒಳಗಿಂದು ಇರತೈತಿ, ತಗಸೂಣು ಅಂತ ಮಗಳು ತಾಯಿಗೆ ಹೇಳಿದ್ಲು. ವಿಜಯಪುರದ ರಿಪೇರಿ ಅಂಗಡ್ಯಾವ ಬಾಳ ದಿನ ಇಟ್ಟುಕೊಂಡ. ಬ್ಯಾರೆ ಊರಿಗೂ ಕಳಿಸಿ ತೋರಿಸಿದ. ಹೋದ ತಿಂಗಳು ಕರದು ಹೇಳಿದ. ಇದು ಹಳೇ ಮಾದರಿ, ಒಳಗ ಹಾರ್ಡ್ ಡಿಸ್ಕ್ ಅಂತ ತಿರುಗೂ ತಟ್ಟಿ ಇರತೈತಿ, ಅದು ಗೀರಿ ಹೋಗೇತಿ, ಒಂದು ಅಕ್ಷರಾನೂ ಬರೂದಿಲ್ಲ ಅಂತ. ಯಾಕಾತು ಅಂತ ಕೇಳಿದೆ. ಎತ್ತರದಿಂದ ಬಿದ್ದಿರಬೇಕ್ರಿ ಅಂದ. ಬಾಗಲಾ ಹಾಕ್ಕೊಂಡು ಆಕಿ ನನಗ ಏನಂದಿದ್ಲೋ, ಅದೂ ಹೋತು. ಬರದು ಹೇಳು ಅಂತ ಕೇಳೇನಿ. ತಲಿ ಅಲ್ಲಾಡಸ್ತಾಳ, ಬರಿಯೂದಿಲ್ಲ. ಬರಿಯೂ ಅಂಥಾದ್ದಿದ್ರ ಬರದ ಕೊಡ್ತಿದ್ಲಲ್ಲ.

ಆಕಿ ದನಿ ಫೋನಿನ್ಯಾಗ ಇರಬೇಕಲ್ಲ ಅಂತೀರಿ. ಹುಡುಕಿದ್ವಿ. ನಿಮಿಷಕ್ಕಿಷ್ಟು ರೊಕ್ಕ ಹೋಗೂ ಕಾಲದಾಗ ಫೋನ್ ಕಲತಾಕಿ ಆಕಿ, ಎಲ್ಲಾ ಫುಕಟ್ ಆದ ಮ್ಯಾಲೂ ಎರಡು ಮಾತಾಡಿ ಇಟ್ಟುಬಿಡೂ ಚಾಳಿ ಬಿಟ್ಟಿರಲಿಲ್ಲ. ಸುಜಾತಾನ ಫೋನಿನ್ಯಾಗ ಸಿಕ್ಕಿದ್ದು ಒಂದು ತುಣುಕು. “ಹಾಲಿನವ ಬಂದಾನ, ಇಡ್ತೇನಿ.” ಸುಜಾತಾನ ಮದುವಿ ವಿಡಿಯೋದಾಗ ಆಕಿ ಮಾತಾಡೂದು ಕಾಣತೈತಿ, ಬ್ಯಾಂಡಿನ ಸಪ್ಪಳದಾಗ ಏನೂ ಕೇಳಸೂದಿಲ್ಲ.

ಈಗ ಆಕಿ ಪಾಟಿ ಮ್ಯಾಲ ಬರೀತಾಳ, ಸಾಲಿ ಹುಡುಗೂರ ಪಾಟಿ. ಬರದದ್ದನ್ನ ನಾ ಮನಸ್ಸಿನ್ಯಾಗ ಓದಿದ್ರ ನಡಿಯೂದಿಲ್ಲ, ಜೋರಾಗಿ ಓದಬೇಕು. ಇಲ್ಲಾಂದ್ರ ಬಳಪದಿಂದ ಪಾಟಿ ಟಕ್ ಟಕ್ ಬಡೀತಾಳ. ಮಾಸ್ತರಿಕಿ ಹಂಗ ಬಿಡೂದಲ್ಲ. “ಉಪ್ಪು ಹೆಚ್ಚಾಗೇತಿ, ನಿಮ್ಮ ಕೈಗೆ ಅಡಿಗಿ ಕೊಟ್ಟದ್ದ ತಪ್ಪಾತು” ಅಂತ ನನ್ನ ನಾನ ಬೈಕೋತೇನಿ. ಹೊರಗಿನಿಂದ ಕೇಳಿದವರು ಮುದುಕಗ ತಲಿ ಕೆಟ್ಟೈತಿ ಅಂದ್ಕೋಬೇಕು.

ರಿಪೇರಿ ಅಂಗಡಿಯಿಂದ ಬಂದ ಸಂಜೀಕ ಸುಜಾತಾ ಫೋನ್ ಮಾಡಿದ್ಲು. ಸ್ಪೀಕರ್ ಹಾಕಿ ನಮ್ಮಿಬ್ಬರ ನಡುವ ಇಟ್ಟೆ. ಏನಂದ ಅಂತ ಕೇಳಿದ್ಲು. ಆಗೂದಿಲ್ಲಂತವಾ ಅಂದೆ. ಆಕಿ ಅಳಾಕತ್ತಿದ್ಲು. “ನಂದ ತಪ್ಪು. ಪ್ರತಿ ತಗದು ಹೋಗಬೇಕಿತ್ತು ನಾನು. ಒಂದು ದಿನ ಡ್ಯೂಟಿ ಬಿಟ್ಟಿದ್ರ ಏನಾಗತಿತ್ತು?” ಅಂದ್ಲು. ಹಂಗಲ್ಲವಾ, ರಸ್ತಾ ಖರಾಬ್ ಐತಿ, ಬಸ್ ಜಗ್ಗಿದ್ದಕ್ಕ ಹಾಳಾಗೇತಂತ, ಯಾರದೂ ತಪ್ಪಿಲ್ಲ ಅಂತ ನಾನೊಂದು ಸುಳ್ಳು ಹೇಳಿದೆ. ನಮ್ಮಾಕಿ ನನ್ನ ಮಾರಿ ನೋಡಿದ್ಲು. ಪಾಟಿ ತಗೊಂಡು ಬರದ್ಲು. ಬರದು ನನ್ನ ಮುಂದ ಹಿಡದ್ಲು.

ಓದಿದೆ. “ಒಗದಾಕಿ ನಾನು. ನಿಮ್ಮಪ್ಪಗ ನಿಂದ್ರಾಕ ಆಗತಿರಲಿಲ್ಲ.”

ಮುಂದಿನ ಸಾಲು ಓದಲಿಲ್ಲ, ಕನ್ನಡಕ ತಗದು ಒರಸಕೋಂತ ಕುಂತೆ. ಆಕಿ ಪಾಟಿ ಬಡದ್ಲು. ಇನ್ನೊಮ್ಮೆ ಬಡದ್ಲು.

“ಮತ್ತ ಅಂಥಾ ಹೊತ್ತು ಬಂದ್ರ ಮತ್ತ ಒಗೀತೇನಿ” ಅಂತ ಓದಿದೆ.

ಆ ಕಡೆ ಮಗಳ ಅಳು ನಿಂತಿತ್ತು. ಫೋನ್ ಕಟ್ ಆತೇನೋ ಅಂತ ಎತ್ತಿಕೊಂಡೆ.

“ಕೇಳಿಸ್ತು ಯವ್ವಾ” ಅಂದ್ಲು.